ಅವ್ವನ ಅಂಗೈಯಲ್ಲಿ ಯುರೋಪು

ಇವತ್ತು ಬೆಳಿಗ್ಗೆ ಯಾವುದೋ ಬ್ಯಾಟರಿ ಹುಡುಕುತ್ತ ಹಳೆಯ ಕ್ಯಾಮೆರಾ ಚೀಲದ ಒಳಜೇಬಿಗೆ ಕೈ ಹಾಕಿದೆ. ಬೆರಳಿಗೆ ಬೂದಿ ಹತ್ತಿತು. ಮೂಸಿ ನೋಡಿದರೆ ವಿಭೂತಿ. ಲೆನ್ಸ್ ಒರೆಸುವ ಮೆತ್ತನೆ ಬಟ್ಟೆಯಲ್ಲಿ ಅರ್ಧ ತೇದ ವಿಭೂತಿ ಗಟ್ಟಿಯನ್ನು ಯಾರೋ ಜೋಪಾನವಾಗಿ ಸುತ್ತಿಟ್ಟಿದ್ದರು. ಯಾರೋ ಏನು ಬಂತು, ಅವ್ವನೇ. ಅಂಥ ಒಳ್ಳೆಯ ಬಟ್ಟೆ ಗಾಜಿಗೇಕೆ ದಂಡ ಎಂದು ಆಕೆ ಅಂದೇ ತೀರ್ಮಾನಿಸಿರಬೇಕು.

ಯುರೋಪಿನಿಂದ ಹೊರಬೀಳಬೇಕೋ ಬೇಡವೋ ಎಂದು ಈ ದೇಶ ಮತ ಹಾಕಿದ ಬೇಸಿಗೆಯದು. ದೇಶ ಹೊರಗೆ ಹೊರಟಿತ್ತು, ನಾನೂ ಅವ್ವನೂ ಒಳಗೆ ಹೊಕ್ಕು ತಿರುಗುತ್ತಿದ್ದೆವು. ಅವ್ವ ಧಾರವಾಡದಿಂದ ಆರು ತಿಂಗಳ ಮಟ್ಟಿಗೆ ಮ್ಯಾಂಚೆಸ್ಟರ್ ಪಕ್ಕದ ಸ್ಟಾಕ್‌ಪೋರ್ಟಿನ ನಮ್ಮ ಮನೆಗೆ ಬಂದಿದ್ದಳು. ಬರ್ಚ್‌ವುಡ್‌ನ ಆಫೀಸಿನಲ್ಲಿ ವರ್ಷಗಟ್ಟಲೆ ಕುರ್ಚಿ ಸವೆಸಿದ್ದಕ್ಕೆ ನನಗೆ ಏಳು ವಾರ ರಜೆ ಸಿಕ್ಕಿತ್ತು. ಹೆಂಡತಿ ವಿದ್ಯಾ ಜಿಪಿ, ಅಂದರೆ ಇಲ್ಲಿನ ಊರ ಡಾಕ್ಟರು. ಅವಳ ಪಾಳಿಯ ರೋಟಾ ಅವಳನ್ನು ಬಿಡಲಿಲ್ಲ. "ಅತ್ತೇನ ಕರ್ಕೊಂಡು ಹೋಗಿ. ಶುಗರ್ ಮೇಲೆ ಕಣ್ಣಿರ್ಲಿ" ಎಂದು, ರಕ್ತ ಪರೀಕ್ಷೆ ಮಾಡುವ ಪುಟ್ಟ ಮಷಿನ್ನು ನನ್ನ ಕೈಗಿಟ್ಟಳು.

ನಮ್ಮ ಪ್ರವಾಸ ಅಷ್ಟು ನಿಧಾನವಾದದ್ದು ಯಾವ ದೊಡ್ಡ ತತ್ವದಿಂದಲೂ ಅಲ್ಲ, ಅವ್ವನ ಪೂಜೆಯಿಂದ. ಆಕೆಯ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಆಕೆ ಕೂಸಾಗಿದ್ದಾಗ ಗುರುಗಳು ಕಟ್ಟಿದ ಇಷ್ಟಲಿಂಗ. ಬೆಳಿಗ್ಗೆ ಅದನ್ನು ಎಡ ಅಂಗೈಯಲ್ಲಿಟ್ಟುಕೊಂಡು, ನೀರೆರೆದು, ವಿಭೂತಿ ಧರಿಸಿ, ಕಣ್ಣು ನೆಟ್ಟು ಕೂತು, ಕೊನೆಗೆ ತೀರ್ಥ ತೆಗೆದುಕೊಳ್ಳುವ ತನಕ ಒಂದು ಗುಟುಕು ಚಹಾ ಕೂಡ ಇಲ್ಲ. ಹೀಗಾಗಿ ಹತ್ತು ಗಂಟೆಯೊಳಗಿನ ರೈಲುಗಳು ನಮ್ಮ ಪಾಲಿಗೆ ಇರಲೇ ಇಲ್ಲ. ಹೋದ ಹೋದ ಊರಿನ ನೀರೇ ಪೂಜೆಗೆ ಬೇಕು. ರೈನ್ ನದಿಯದು, ಹಿಮ ಕರಗಿದ ಕೆರೆಯದು, ಯಾವುದೋ ಚೌಕದ ಕಾರಂಜಿಯದು. "ಇವತ್ತ ನಮ್ಮಪ್ಪಗ ಹೊಸಾ ನೀರು" ಎಂದು ಸಂಭ್ರಮಪಡುತ್ತಿದ್ದಳು.

ಬೆರಗಾಗುವುದರಲ್ಲಿ ಅವ್ವ ಜಿಪುಣಿಯಲ್ಲ. ಕಲೋನ್‌ನ ದೊಡ್ಡ ಚರ್ಚಿನಲ್ಲಿ ಕತ್ತೆತ್ತಿ ಅರ್ಧ ಗಂಟೆ ನಿಂತಿದ್ದು, "ಎಷ್ಟ ಮಂದಿ ಕೈ ಸವದಾವಪಾ ಇದಕ್ಕ!" ಎಂದಳು. ಸ್ವಿಟ್ಜರ್ಲೆಂಡಿನ ಒಂದು ಸಣ್ಣ ಸ್ಟೇಷನ್ನಿನಲ್ಲಿ ಮೋಡ ಸರಿದು ಹಿಮದ ಶಿಖರ ಒಮ್ಮೆಲೇ ಎದುರಿಗೆ ನಿಂತಾಗ, ಪ್ಲಾಟ್‌ಫಾರ್ಮಿನ ಮೇಲೆ ಚಪ್ಪಲಿ ಬಿಟ್ಟು ಕೈಮುಗಿದಳು. ನಾನು ಪಕ್ಕದಲ್ಲೇ ಇದ್ದೆ, ಲೆನ್ಸ್ ಬದಲಿಸುತ್ತಿದ್ದೆ. ಮೊದಲು ಫೋಟೋ ತೆಗೆದುಬಿಡೋಣ, ಮನೆಗೆ ಹೋಗಿ ನಿಧಾನವಾಗಿ ಬೆರಗಾದರಾಯಿತು ಎನ್ನುವ ಆಸಾಮಿ ನಾನು. ನಿಮ್ಮಲ್ಲೂ ಒಬ್ಬಿಬ್ಬರು ಇದ್ದೀರಿ, ಗೊತ್ತು.

ಕೊನೆಗೆ ರಾಟರ್‌ಡ್ಯಾಮಿನಿಂದ ಹಲ್ ಬಂದರಿಗೆ ಹಡಗು ಹತ್ತಿದೆವು. ನಸುಕಿನಲ್ಲಿ ಎದ್ದರೆ ನಮ್ಮ ಕೋಣೆಗೆ ಕಿಟಕಿಯೇ ಇಲ್ಲ. ಅವ್ವ ಅಲ್ಲೇ ಪೂಜೆಗೆ ಕೂಡುವವಳಿದ್ದಳು. ನನಗೆ ಏಳು ವಾರದ ಮೇಲೆ ಕಳಸವಿಟ್ಟಂಥ ಒಂದು ಫೋಟೋ ಬೇಕಿತ್ತು.

"ಅವ್ವಾ, ಮ್ಯಾಲೆ ಡೆಕ್ಕಿಗೆ ಬಾ. ಅಲ್ಲೇ ಪೂಜಿ ಮಾಡು. ಹೊತ್ತು ಹುಟ್ಟೂದು ಕಾಣ್ತದ."

ಬಂದಳು. ಸುತ್ತ ಎಲ್ಲಿ ನೋಡಿದರೂ ನೀರು, ಅಂಚಿನಲ್ಲಿ ಕೆಂಪು. ಅವ್ವ ಕಟಕಟೆಯ ಹತ್ತಿರ ನಿಂತು ಅಂಗೈ ಎತ್ತಿದಳು. "ಕೈ ಒಂಚೂರು ಈ ಕಡೆ ಮಾಡವ್ವಾ" ಎಂದೆ. ಮಗನ ಮಾತಿಗೆ ತಿರುಗಿದಳು. ಗಾಳಿಗೆ ಸೆರಗು ಹಾರಿ ಕೈಗೆ ಬಡಿಯಿತು. ಟಕ್ ಎಂದು ಸಪ್ಪಳವಾಯಿತು. ಲಿಂಗ ಡೆಕ್ಕಿನ ಮೇಲೆ ಉರುಳಿತು. ನಾನು ಕ್ಯಾಮೆರಾ ಬಿಟ್ಟು ಬಗ್ಗುವುದರೊಳಗೆ ಕಟಕಟೆಯ ಕೆಳಗಿನ ಸಂದಿಯಿಂದ ಸಮುದ್ರ ಸೇರಿತು.

ಅವ್ವ ಬರಿ ಅಂಗೈಯನ್ನು ಬಹಳ ಹೊತ್ತು ನೋಡಿದಳು. "ಹೋತು" ಎಂದಳು. ಅಷ್ಟೇ. ನಾಲ್ಕು ಮಾತು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಲಿಂಗ ಕಳೆದುಕೊಂಡವರು ಉಣ್ಣುವುದಿಲ್ಲ. ಗುರುಗಳು ಹೊಸದು ಕಟ್ಟಬೇಕು. ಗುರುಗಳಿರುವುದು ಧಾರವಾಡದ ಮಠದಲ್ಲಿ. ಅವ್ವನ ವಿಮಾನವಿದ್ದದ್ದು ಒಂಬತ್ತು ದಿನದ ಮೇಲೆ. ಮೈಯಲ್ಲಿ ಸಕ್ಕರೆ ಕಾಯಿಲೆ. ಹಲ್‌ನಿಂದ ಲೀಡ್ಸ್, ಲೀಡ್ಸ್‌ನಿಂದ ಮ್ಯಾಂಚೆಸ್ಟರ್, ದಾರಿಯುದ್ದಕ್ಕೂ ನಾನು ಬಾಳೆಹಣ್ಣು ಹಿಡಿದುಕೊಂಡು ಕೂತಿದ್ದೆ. ಆಕೆ ನೀರನ್ನೂ ಮುಟ್ಟಲಿಲ್ಲ. ಪೆನೈನ್ ಗುಡ್ಡಗಳ ಹಸಿರನ್ನು ಕಿಟಕಿಯಿಂದ ನೋಡುತ್ತಿದ್ದಳು. "ಚಂದ ಅದ" ಎಂದಳು. ಹಸಿದ ಹೊಟ್ಟೆಯಲ್ಲಿ!

ಮನೆಗೆ ಬಂದ ಮೇಲೆ ವಿದ್ಯಾ ಮಠಕ್ಕೆ ಫೋನು ಹಚ್ಚಿಸಿದಳು. ಅಜ್ಜಾರು, ಅಂದರೆ ಮಠದ ಸ್ವಾಮಿಗಳು, "ಉಣ್ಣವಾ ತಾಯಿ, ಊರಿಗೆ ಬಂದ ಕೂಡ್ಲೆ ಕಟ್ಟೂಣಂತ" ಎಂದು ಬಿಡಿಸಿ ಹೇಳಿದರು. "ಹೂನ್ರಿ ಅಜ್ಜಾರ" ಎಂದು ಭಕ್ತಿಯಿಂದ ಫೋನಿಟ್ಟ ಅವ್ವ, ತಾಟನ್ನು ಅಷ್ಟೇ ಭಕ್ತಿಯಿಂದ ಆಚೆ ಸರಿಸಿದಳು.

ಮರುದಿನ ಬೆಳಿಗ್ಗೆ ವಿದ್ಯಾ ಆಕೆಯ ಬೆರಳು ಚುಚ್ಚಿ ಮಷಿನ್ ನೋಡಿದಳು.  "ಅತ್ತೆ, ತುಂಬಾ ಇಳಿದಿದೆ. ಸೊಸೆಯಾಗಿ ಅಲ್ಲ, ಡಾಕ್ಟರಾಗಿ ಹೇಳ್ತಿದೀನಿ."

"ಹೇಳವಾ. ಹೇಳೂದು ನಿನ್ನ ಕೆಲಸ" ಎಂದಳು ಅವ್ವ. ಚುಚ್ಚಿದ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

ನಾನು ಮಹಡಿಗೆ ಓಡಿದೆ. ಕಾಲುಚೀಲದ ಡ್ರಾಯರಿನ ತಳದಲ್ಲಿ ನನ್ನ ಲಿಂಗವಿತ್ತು. ಲೀಡ್ಸಿಗೆ ಎಂಎಸ್ಸಿ ಓದಲು ಬಂದ ಹೊಸತರಲ್ಲಿ, ಈಜುಕೊಳದಲ್ಲಿ ಯಾರೋ "ಅದೇನು ಕೊರಳಲ್ಲಿ?" ಎಂದದ್ದಕ್ಕೆ ನಾಚಿ ಬಿಚ್ಚಿಟ್ಟದ್ದು ಹಾಗೇ ಉಳಿದಿತ್ತು. ಅವ್ವನಿಗೆ ಹೇಳಿರಲಿಲ್ಲ. ತಂದು ಆಕೆಯ ಮುಂದೆ ಹಿಡಿದೆ. "ಇದನ್ನ ತಗೋ ಅವ್ವಾ. ಪೂಜಿ ಮಾಡಿ ಉಣ್ಣು."

"ನಿನ್ನ ಲಿಂಗ ನಾ ಹ್ಯಾಂಗ ಪೂಜಿ ಮಾಡ್ಲಿ? ನಿಂದು ನೀನಽ ಮಾಡು" ಎಂದಳು. ಮತ್ತೆ ಮೆಲ್ಲಗೆ, "ಬಿಚ್ಚಿಟ್ಟೀದಿ ಅಂತ ಬಂದ ದಿನಾನಽ ಗೊತ್ತಾಗಿತ್ತು. ನೀ ಹೇಳ್ತಿ ಅಂತ ಕಾದೆ."

ಅಡುಗೆಮನೆಯ ನೆಲದ ಮೇಲೆ ಕೂತೆ. ನಲ್ಲಿಯಿಂದ ಒಂದು ಲೋಟ ಸ್ಟಾಕ್‌ಪೋರ್ಟಿನ ನೀರು. ಏನು ಮೊದಲು, ಏನು ಆಮೇಲೆ, ಎಲ್ಲ ಮರೆತಿತ್ತು. ಒಂದು ದಿನವಿಡೀ ಉಪವಾಸವಿದ್ದ ಅವ್ವ ಅವಸರವನ್ನೇ ಪಡಲಿಲ್ಲ. ನನ್ನ ಬೆರಳು ಒಂದೊಂದಾಗಿ ಬಿಡಿಸಿ ಅಂಗೈ ಹದ ಮಾಡಿದಳು. ನೀರು ಹೆಚ್ಚು ಸುರಿದರೆ "ಸಾವಕಾಶ" ಎಂದಳು. "ಈಗ ನೋಡು. ಬರೇ ನೋಡು" ಎಂದಳು.

ನೋಡಿದೆ. ಕಣ್ಣಿಗೂ ಅದಕ್ಕೂ ನಡುವೆ ಯಾವ ಗಾಜೂ ಇರಲಿಲ್ಲ. ಆ ಕಪ್ಪು ನುಣುಪಿನಲ್ಲಿ ಅಡುಗೆಮನೆಯ ಕಿಟಕಿ ಒಂದು ಬೆಳಕಿನ ಕಾಳಾಗಿ ಕೂತಿತ್ತು, ಅದರ ಪಕ್ಕ ಅವ್ವನ ತಲೆಯ ನೆರಳು. ಎಷ್ಟು ಹೊತ್ತು ಹೋಯಿತೋ ತಿಳಿಯದು. ಏಳು ವಾರ ಮುಂದಕ್ಕೆ ಹಾಕುತ್ತ ಬಂದಿದ್ದ ಬೆರಗು, ಶಿಖರವೂ ಚರ್ಚೂ ಸಮುದ್ರವೂ ಎಲ್ಲ ಒಟ್ಟಿಗೆ ಎದೆಗೆ ಬಂದು ನನಗೆ ಅಳು ಬಂತು. ಎದುರಿಗೆ ಕೂತಿದ್ದ ಈ ಹೆಂಗಸು ಯಾರು, ಇಷ್ಟು ಗಟ್ಟಿ ಹೇಗೆ, ನಾನು ಈಕೆಯನ್ನು ಎಂದಾದರೂ ನೋಡಿದ್ದೇನೆಯೇ ಎನಿಸಿತು.

ತಲೆಯೆತ್ತಿದರೆ ಅವ್ವ ಎರಡೂ ಕೈ ಜೋಡಿಸಿ ಬೊಗಸೆ ಒಡ್ಡಿದ್ದಳು.

"ತೀರ್ಥ ಕೊಡಪಾ. ಹಸಿವಿ ಆಗೇದ."

ಆಮೇಲೆ ಎರಡು ಬಟ್ಟಲು ಮೊಸರನ್ನ ಉಂಡಳು. ವಿದ್ಯಾ ಸಿಂಕಿನ ಕಡೆ ತಿರುಗಿ ನಿಂತು ಅತ್ತಳು. ಮುಂದಿನ ಎಂಟು ದಿನ ಆ ಮನೆಯಲ್ಲಿ ನನ್ನ ಪೂಜೆಯಾಗದೆ ಯಾರಿಗೂ ಚಹಾ ಇರಲಿಲ್ಲ. ಊರಿಗೆ ಮರಳಿದ ಅವ್ವನಿಗೆ ಅಜ್ಜಾರು ಹೊಸ ಲಿಂಗ ಕಟ್ಟಿದರು.

ನಾನೇನು ದೊಡ್ಡ ಶರಣನಾಗಿಬಿಟ್ಟೆ ಎಂದುಕೊಳ್ಳಬೇಡಿ. ಎಷ್ಟೋ ದಿನ ತಪ್ಪಿಸಿದ್ದೇನೆ. ಈ ವಾರವಂತೂ ಒಂದು ದಿನವೂ ಕೂತಿಲ್ಲ. ಕೆಳಗೆ ವಿದ್ಯಾ ಟೋಸ್ಟ್ ಆರುತ್ತಿದೆ ಎಂದು ಎರಡು ಸಲ ಕೂಗಿಯಾಯಿತು. ಬ್ಯಾಟರಿ ಸಿಗಲಿಲ್ಲ, ಹುಡುಕುವುದನ್ನೂ ಬಿಟ್ಟೆ. ಅವ್ವನ ವಿಭೂತಿ ಗಟ್ಟಿಯನ್ನು ಒಂದು ಹನಿ ನೀರಿನಲ್ಲಿ ನೆನೆಸಿ, "ಆರಲಿ ಬಿಡು, ಇನ್ನೂ ಪೂಜೆ ಆಗಿಲ್ಲ" ಎಂದೆ.