ಕಾಲೂರದೆ ಕೋಟೆ ಹತ್ತಿದ ಸರೋಜಮ್ಮ ಮೇಡಂ

ಸರೋಜಮ್ಮ ಮೇಡಂ ನಡೆದದ್ದನ್ನು ನಾನು ಕಂಡಿಲ್ಲ. ಅವರು ಮಾರ್ಚ್ ಮಾಡುತ್ತಿದ್ದರು. ಸಂತೆಗೆ ಕೊತ್ತಂಬರಿ ಸೊಪ್ಪು ತರಲು ಹೊರಟರೂ ಎಡಗಾಲು ಮೊದಲು, ಬೆನ್ನು ನೆಟ್ಟಗೆ, ಕೈ ಭುಜದ ಮಟ್ಟಕ್ಕೆ. ಹಣೆಯಲ್ಲಿ ರೂಪಾಯಿಯಗಲದ ಕುಂಕುಮ, ಮೈಮೇಲೆ ಬಿಳಿ ಪಟ್ಟಿಯ ನೀಲಿ ಟ್ರ್ಯಾಕ್ ಸೂಟು, ಕೈಯಲ್ಲಿ ಬುಟ್ಟಿ. ಇದನ್ನೆಲ್ಲ ಒಟ್ಟಿಗೆ ನೋಡಿದ ಹೊಸಬರು ದಾರಿ ಬಿಟ್ಟು ನಿಲ್ಲುತ್ತಿದ್ದರು. ಹಳಬರು ಮೊದಲೇ ನಿಂತಿರುತ್ತಿದ್ದರು. ಮುಳಬಾಗಿಲಿನ ಅರ್ಧ ಊರು ಅವರ ಕೈಯಲ್ಲಿ ಡ್ರಿಲ್ ಕಲಿತದ್ದು.

ಅವರು ಡ್ರಿಲ್ ಮೇಡಂ ಆಗಿದ್ದ ಹೈಸ್ಕೂಲಿನಲ್ಲೇ ನಾನು ಕನ್ನಡ ಮೇಷ್ಟ್ರು. ಅವರು ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿ ಎಚ್ಚರಿಸುತ್ತಿದ್ದರು. ನಾನು ನೆರಳಲ್ಲಿ ಕೂರಿಸಿ ನಿದ್ದೆ ಮಾಡಿಸುತ್ತಿದ್ದೆ. ಹೀಗೆ ಇಬ್ಬರೂ ನಾಡಿನ ಸೇವೆಯನ್ನು ಪೂರೈಸಿ ಒಂದೇ ವರ್ಷ ನಿವೃತ್ತರಾದೆವು. ಬೀಳ್ಕೊಡುಗೆಯಲ್ಲಿ ಇಬ್ಬರಿಗೂ ಒಂದೊಂದು ಪ್ಲಾಸ್ಟಿಕ್ ಸರಸ್ವತಿ ಸಿಕ್ಕಿತು. ನಾನು ನನ್ನದನ್ನು ಟೀವಿಯ ಪಕ್ಕ ಇಟ್ಟು, ಎರಡರ ಎದುರೂ ಕೂತುಬಿಟ್ಟೆ. ಅವರು ಕೋಲಾರಕ್ಕೆ ಹೋಗಿ ದಪ್ಪ ಟೈರಿನ ಗೇರ್ ಸೈಕಲ್ಲು ತಂದರು.

“ಏನ್ ಮೇಡಂ, ಈ ವಯಸ್ಸಲ್ಲಿ?” ಅಂದೆ.

“ವಯಸ್ಸಾಗಿರೋದು ನನಗೆ ಮೇಷ್ಟ್ರೇ. ಸೈಕಲ್ಲು ಹೊಸದು.”



ಸೈಕಲ್ಲಿಗೆ ತಕ್ಕ ದಾರಿಯನ್ನೂ ಅವರೇ ಹುಡುಕಿದರು. ಅದು ಪಾಲಾರ್ ನದಿಯಲ್ಲಿ ಶುರುವಾಗುತ್ತದೆ. ನದಿ ಎಂಬುದು ನಮ್ಮ ಕಡೆ ಒಂದು ಗೌರವಸೂಚಕ ಪದ. ವರ್ಷದ ಬಹುಪಾಲು ಅದು ಮರಳೇ. ಆ ಮರಳು ದಾಟಿ, ಟೊಮೇಟೊ ಹೊಲಗಳ ಬದು ಹಿಡಿದು, ಮಾವಿನ ತೋಪುಗಳ ನಡುವೆ ನುಸುಳಿದರೆ ಗಂಗಮ್ಮನ ಬೆಟ್ಟ. ಬೆಟ್ಟವೆಂದರೆ ಯಾರೋ ಎತ್ತಿಟ್ಟು ಮರೆತುಹೋದ ಹೆಬ್ಬಂಡೆಗಳ ರಾಶಿ. ಅದರ ತಲೆಯ ಮೇಲೊಂದು ಪಾಳುಕೋಟೆ. ಕಟ್ಟಿಸಿದ್ದು ಯಾವನೋ ಪಾಳೇಗಾರ. ಅವನ ಹೆಸರು ಯಾರಿಗೂ ಗೊತ್ತಿಲ್ಲವಾದ್ದರಿಂದ ಅವನ ಬಗ್ಗೆ ಊರಿನಲ್ಲಿ ಒಳ್ಳೆಯ ಅಭಿಪ್ರಾಯವಿದೆ.

ಆರು ತಿಂಗಳೊಳಗೆ ಮೇಡಂ ಹಿಂದೆ ಒಂದು ದಂಡು ಸೇರಿತು. ಎಲ್ಲರೂ ಹಳೆಯ ವಿದ್ಯಾರ್ಥಿನಿಯರು, ಈಗ ನರಸಾಪುರದ ಫ್ಯಾಕ್ಟರಿಗಳಲ್ಲಿ ಕೆಲಸ. ವಾರವಿಡೀ ಕಂಪನಿ ಬಸ್ಸು, ಎಂಟು ಗಂಟೆ ಅಸೆಂಬ್ಲಿ ಲೈನಿನಲ್ಲಿ ನಿಂತ ನಿಲುವು, ಮತ್ತೆ ಕಂಪನಿ ಬಸ್ಸು. ಭಾನುವಾರ ಮಾತ್ರ ಅವರದ್ದು. ಆ ಭಾನುವಾರವನ್ನು ಮನೆಯವರು ಬಟ್ಟೆ ಒಗೆಯುವುದಕ್ಕೂ, ಗಂಡಿನ ಕಡೆಯವರು ನೋಡಿಹೋಗುವುದಕ್ಕೂ ಮೀಸಲಿಟ್ಟಿದ್ದರು. ಮೇಡಂ ಮನೆಮನೆಗೆ ಹೋಗಿ, ಬಾಗಿಲಲ್ಲಿ ಅಟೆನ್ಷನ್‌ನಲ್ಲಿ ನಿಂತು, “ಬೆಳಗ್ಗೆ ಆರರಿಂದ ಹತ್ತು ನನಗೆ ಕೊಡಿ. ಆಮೇಲೆ ಯಾರು ಬೇಕಾದ್ರೂ ನೋಡ್ಕೊಂಡು ಹೋಗಲಿ” ಎಂದು ಬಿಡಿಸಿಕೊಂಡು ಬಂದಿದ್ದರು.

ಅವರ ಪಾಠದಲ್ಲಿ ಕನ್ನಡವೂ ತೆಲುಗೂ ಬೆರೆತಿರುತ್ತಿದ್ದವು. ಬೈಗುಳಕ್ಕೆ ಕನ್ನಡ, ತತ್ವಕ್ಕೆ ತೆಲುಗು. ಸುಮಿತ್ರ ಎಂಬ ಹುಡುಗಿ ಮೊದಲ ದಿನ ಇಳಿಜಾರಿನಲ್ಲಿ ಒಂದೇ ಒಂದು ಕಲ್ಲಿಗೆ ಹೆದರಿ, ಅದನ್ನೇ ದಿಟ್ಟಿಸಿ, ನೇರ ಅದಕ್ಕೇ ಗುದ್ದಿದಳು. ಅಕ್ಕಪಕ್ಕ ಗಾಡಿ ಹೋಗುವಷ್ಟು ಜಾಗವಿತ್ತು.

“ಲೇ ಸುಮಿ, ಅಷ್ಟಗಲ ದಾರಿ ಬಿಟ್ಟು ಆ ಕಲ್ಲಿಗೇ ಹೋದ್ಯಲ್ಲೇ. ರಾಯಿನಿ ಚೂಸ್ತೇ ರಾಯಿ ಮೀದಿಕೇ ಪೋತಾವ್. ಕಲ್ಲು ನೋಡಿದೋಳು ಕಲ್ಲಿಗೇ ಹೋಗ್ತಾಳೆ ಕಣೇ, ದಾರಿ ನೋಡು.”

ತೊಂದರೆ ಬಂದದ್ದು ಕಲ್ಲಿನಿಂದಲ್ಲ, ಬೂಟಿನಿಂದ. ಆ ಬೆಟ್ಟದ ಮೇಲೆ ಗಂಗಮ್ಮ ಇರುವುದಲ್ಲ, ಬೆಟ್ಟವೇ ಗಂಗಮ್ಮ. ಬುಡದಲ್ಲಿ ಚಪ್ಪಲಿ ಬಂಡೆ ಎಂಬ ಬಂಡೆಯಿದೆ. ಅಲ್ಲಿಂದಾಚೆಗೆ ಪಾದರಕ್ಷೆ ನೆಲಕ್ಕೆ ತಾಗಕೂಡದು. ಒಂದು ಭಾನುವಾರ ಏರಿನಲ್ಲಿ ಉಸಿರು ಸಾಲದೆ ಇಬ್ಬರು ಹುಡುಗಿಯರು ಬೂಟುಗಾಲು ಊರಿ ನಿಂತರು. ಕುರಿ ಕಾಯುವವರು ನೋಡಿದರು. ಮುಂದಿನ ಭಾನುವಾರ ಹೋದರೆ ದಾರಿಗೆ ಅಡ್ಡವಾಗಿ ಜಾಲಿ ಮುಳ್ಳು. ಮುಳ್ಳಿನಾಚೆ ಪೂಜಾರಿ ಮುನಿಶಾಮಪ್ಪ.

ಪಂಚಾಯ್ತಿ ಸೇರಿತು. ಎರಡೂ ಕಡೆಗೆ ಬೇಕಾದವನೆಂದು, ಅಥವಾ ಯಾರಿಗೂ ಬೇಡದವನೆಂದು, ನನ್ನನ್ನು ಮಧ್ಯೆ ಕೂರಿಸಿದರು.

“ಬರಿಗಾಲಲ್ಲಿ ತುಳೀರಿ ಮೇಡಮ್ಮೋರೇ, ತಕರಾರೇ ಇಲ್ಲ,” ಅಂದ ಪೂಜಾರಿ.

ಮೇಡಂ ಸೈಕಲ್ಲನ್ನು ಎತ್ತಿ ಅವನ ಮುಂದಿಟ್ಟರು. ಪೆಡಲಿನ ತುಂಬ ಕಾಲು ಜಾರದಿರಲೆಂದು ಮೊಳೆಗಳು, ಹಲಸಿನ ಮೈಯಂತೆ. “ಮುಟ್ಟಿ ನೋಡು ಮುನಿಶಾಮಣ್ಣ. ಇದರ ಮೇಲೆ ಅಂಗಾಲು ಕುಯ್ಕೊಂಡ್ರೆ ಸೋಮವಾರ ಲೈನಲ್ಲಿ ಯಾರು ನಿಲ್ತಾರೆ, ನೀನಾ?”

ಮುನಿಶಾಮಪ್ಪ ಮುಟ್ಟಿ ನೋಡಿ ಕೈ ಹಿಂತೆಗೆದ.

“ಬೂಟು ಇರೋದು ಪೆಡಲ್ ಮೇಲೆ. ಅಮ್ಮನ ಮೇಲಲ್ಲ. ಊರಿದ್ರೆ ತಾನೇ ತಪ್ಪು?”

“ಊರದೆ ಹತ್ತಿದೋರು ಯಾರಿದ್ದಾರೆ ತಾಯಿ? ಮೇಕೆನೇ ಅಲ್ಲಲ್ಲಿ ನಿಲ್ತದೆ.”

“ನಾನು ಹತ್ತಿದ್ರೆ?”

 ಅಲ್ಲೇ ತೀರ್ಮಾನವಾಯಿತು. ಮೇಡಂ ಚಪ್ಪಲಿ ಬಂಡೆಯಿಂದ ಕೋಟೆ ಬಾಗಿಲಿನೊಳಕ್ಕೆ ಬೂಟು ನೆಲಕ್ಕೆ ತಾಗಿಸದೆ ಹೋದರೆ ದಾರಿ ಹುಡುಗಿಯರದು. ಮುಂದೆ ಕಾಲೂರುವ ಪ್ರಸಂಗ ಬಂದರೆ ಅವರು ಬೂಟು ಬಿಚ್ಚಿ ನಡೆಯಬೇಕು, ಅಷ್ಟೇ. ಮೇಡಂ ಒಂದು ಸಲ ತಾಗಿಸಿದರೂ ಆ ಬೆಟ್ಟದಲ್ಲಿ ಇನ್ನು ಯಾವ ಸೈಕಲ್ಲೂ ಇಲ್ಲ.

ಅಲ್ಲಿಂದ ಮೂರು ವಾರ ಮೇಡಂ ಬೆಳಿಗ್ಗೆ ಬರಿಗಾಲಲ್ಲಿ ಬೆಟ್ಟ ಹತ್ತಿದರು, ಅಂಗಾಲಿನಲ್ಲಿ ದಾರಿಯನ್ನು ಬಾಯಿಪಾಠ ಮಾಡಿದರು. “ಏನಾದ್ರೂ ಆದ್ರೆ?” ಎಂದೆ ಒಂದು ದಿನ. “ನನಗೇನಾದ್ರೂ ಆದ್ರೆ ಪರವಾಗಿಲ್ಲ ಮೇಷ್ಟ್ರೇ. ಆ ಹುಡುಗೀರಿಗೆ ವಾರದಲ್ಲಿ ಇರೋದೇ ಅದೊಂದು ಬೆಳಿಗ್ಗೆ,” ಅಂದರು. ಅಂದು ಮಾತ್ರ ಅವರ ದನಿ ಮೈದಾನದ ದನಿಯಾಗಿರಲಿಲ್ಲ.

ಪಂದ್ಯದ ಭಾನುವಾರ ಊರಿಗೆ ಊರೇ ಬಂಡೆಗಳ ಮೇಲೆ ಹತ್ತಿ ಕೂತಿತ್ತು. ಕಳ್ಳೇಪುರಿ ಮಾರುವವನೂ ಬಂದಿದ್ದ. ಮುನಿಶಾಮಪ್ಪನೂ ನಾನೂ ತೀರ್ಪುಗಾರರು. ಏದುಸಿರು ಬಿಡುತ್ತ ಪಕ್ಕದಲ್ಲಿ ಹತ್ತಬೇಕು, ದೃಷ್ಟಿ ಬೂಟಿನ ಮೇಲಿರಬೇಕು. ಒಬ್ಬ ಮಹಿಳೆಯ ಪಾದಗಳನ್ನು ನಾನು ಅಷ್ಟು ಭಕ್ತಿಯಿಂದ ಹಿಂದೆಂದೂ ನೋಡಿದ್ದಿಲ್ಲ.

ಮೊದಲ ಚಪ್ಪಡಿ ಕಳೆಯಿತು. ಏಣಿ ಬಂಡೆ ಎಂಬ ಕಡಿದಾದ ಏರಿನಲ್ಲಿ ಸೈಕಲ್ಲು ನಿಧಾನವಾಗಿ, ಇನ್ನೂ ನಿಧಾನವಾಗಿ, ನಿಂತೇ ಹೋಯಿತು. ಚಕ್ರ ತಿರುಗುತ್ತಿಲ್ಲ, ಕಾಲು ಇಳಿಯುತ್ತಿಲ್ಲ. ಮೇಡಂ ಗಾಳಿಯಲ್ಲಿ ನೇತುಹಾಕಿದಂತೆ ನಿಂತಿದ್ದರು. ವಾಲಿದರು. ವಾಲುತ್ತ ವಾಲುತ್ತ ಬಲಗೈ ಚಾಚಿ ಪಕ್ಕದ ಬಂಡೆ ಹಿಡಿದರು.

“ಊರಿದ್ರು, ಊರಿದ್ರು,” ಎಂದು ಮೇಲಿನಿಂದ ಯಾರೋ ಕೂಗಿದರು.

“ಕೈ ಕಣ್ಲಾ ಅದು,” ಅಂದಳು ಸುಮಿತ್ರ. “ಕಣ್ಣಿಲ್ವಾ?”

ಎಲ್ಲರೂ ಪೂಜಾರಿಯನ್ನು ನೋಡಿದರು. ಅಷ್ಟರಲ್ಲಿ ಮೇಡಂ ಬಂಡೆ ಮುಟ್ಟಿದ ಬೆರಳುಗಳನ್ನು ಕಣ್ಣಿಗೊತ್ತಿಕೊಂಡು ಮತ್ತೆ ಹ್ಯಾಂಡಲ್ ಹಿಡಿದಿದ್ದರು. ಮುನಿಶಾಮಪ್ಪ ಗಂಟಲು ಸರಿಮಾಡಿಕೊಂಡ. “ಅಮ್ಮನ್ನ ಮುಟ್ಟಿ ನಮಸ್ಕಾರ ಮಾಡ್ಕೊಂಡವ್ರೆ. ಅದ್ನ ಬ್ಯಾಡ ಅನ್ನೋಕೆ ನಾನ್ಯಾರು?”

ಮೇಡಂ ಮತ್ತೆ ತುಳಿದು ಏರು ದಾಟಿದರು. ಇನ್ನು ಉಳಿದದ್ದು ಕೋಟೆ ಬಾಗಿಲಿನ ಕಲ್ಲು ಹೊಸ್ತಿಲು, ಗೇಣೆತ್ತರ. ಮೇಡಂ ಸೈಕಲ್ಲಿನ ಮುಂಚಕ್ರವನ್ನು ಎತ್ತಿ ಒಳಗಿಟ್ಟರು. ಹಿಂಚಕ್ರ ಹೊಸ್ತಿಲಿಗೆ ಬಡಿದು ನೆಗೆಯಿತು. ಸೈಕಲ್ಲು ಒಂದು ಕಡೆ ಹೋಯಿತು, ಮೇಡಂ ಇನ್ನೊಂದು ಕಡೆ ಹೋದರು. ಅಂಥ ಗಳಿಗೆಯಲ್ಲಿ ಮನುಷ್ಯ ಸಹಜವಾಗಿ ಕಾಲೂರುತ್ತಾನೆ. ಅವರು ಊರಲಿಲ್ಲ. ಬೆನ್ನು ಕೊಟ್ಟು ಧೊಪ್ಪನೆ ಬಿದ್ದರು. ಎರಡೂ ಬೂಟುಗಳು ಆಕಾಶಕ್ಕೆ ನೆಟ್ಟಗೆ ನಿಂತಿದ್ದವು. ಹಾಗೆಯೇ ಮಲಗಿ ಕೇಳಿದರು:

“ಮೇಷ್ಟ್ರೇ, ನಾನು ಒಳಗಿದ್ದೀನಾ?”

“ಪೂರ್ತಿ ಒಳಗಿದ್ದೀರಿ ಮೇಡಂ.”

“ಮುನಿಶಾಮಣ್ಣ, ಕಾಲು ಎಲ್ಲಿದೆ ನೋಡ್ಕೋ. ಬೇಗ ನೋಡ್ಕೋ, ಸೊಂಟ ಹಿಡೀತಾ ಇದೆ.”

ಮುನಿಶಾಮಪ್ಪ ಆತುರಪಡಲಿಲ್ಲ. ಒಂದು ಸುತ್ತು ಬಂದ. ಅದು ಪರೀಕ್ಷೆಯೋ ಪ್ರದಕ್ಷಿಣೆಯೋ ನನಗೆ ಇಂದಿಗೂ ತಿಳಿಯದು. “ಇದು ಸಾಷ್ಟಾಂಗ ಅಲ್ಲ,” ಅಂದ ಗಂಭೀರವಾಗಿ, “ಸಾಷ್ಟಾಂಗಕ್ಕೆ ಬೋರಲು ಬೀಳ್ಬೇಕು. ಆದ್ರೆ ತಾಯಿ ಮಡಿಲಲ್ಲಿ ಮಗಾ ಮಲಗೋದು ಹಿಂಗೇ ತಾನೇ.” ಬಗ್ಗಿ, ಎರಡೂ ಬೂಟುಗಳ ಲೇಸು ತಾನೇ ಬಿಚ್ಚಿ, ಅವನ್ನು ಎಳೆದು ಕಂಕುಳಲ್ಲಿಟ್ಟುಕೊಂಡ. “ಈಗ ಕಾಲಿಳಿಸಿ ಮೇಡಮ್ಮೋರೇ.”

ಹುಡುಗಿಯರು ಹಾಕಿದ ಕೇಕೆ ನಂಗಲಿ ಹೆದ್ದಾರಿಯ ಲಾರಿಯವರಿಗೂ ಕೇಳಿಸಿರಬೇಕು. ಮೇಡಂ ಎದ್ದು ಟ್ರ್ಯಾಕ್ ಸೂಟಿನ ಧೂಳು ಕೊಡವಿ, “ಸಾಲಾಗಿ ನಿಂತ್ಕೊಂಡು ಕೂಗ್ರೇ, ಕುರಿಮಂದೆ ಥರ ಅಲ್ಲ” ಅಂದರು. ಹುಡುಗಿಯರು ಸಾಲಾಗಿ ನಿಂತರು. ಊರಿನವರೂ ನಿಂತರು.

ಆಮೇಲೆ ಎರಡು ಮಳೆಗಾಲ ಅವರು ಆ ದಾರಿಯನ್ನು ಆಳಿದರು. ಬೆಂಗಳೂರಿನಿಂದ ಹೆಲ್ಮೆಟ್ಟು ಧರಿಸಿ ಬಂದ ಗಂಡಸರು ಏಣಿ ಬಂಡೆಯಲ್ಲಿ ಸೋತು, ಬೂಟನ್ನು ಕೊರಳಿಗೆ ಹಾಕಿಕೊಂಡು ನಡೆದು ಬರುವುದನ್ನು ಕೋಟೆಯ ಗೋಡೆಯ ಮೇಲೆ ಕೂತು ಕಡಲೆಕಾಯಿ ತಿನ್ನುತ್ತ ನೋಡುತ್ತಿದ್ದರು. ಬಳಿಕ ಒಂದು ಶನಿವಾರ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಸುದ್ದಿ ಕೇಳಿ ಮುನಿಶಾಮಪ್ಪ ಬೆಟ್ಟ ಇಳಿದು ಬಂದ. ಪೂಜೆಯ ಕೈ, ಸೂತಕದ ಮನೆಗೆ ಬರುವಂತಿಲ್ಲ; ರಸ್ತೆಯ ಆಚೆ ಬದಿಯಲ್ಲಿ ಬಿಸಿಲಲ್ಲಿ ನಿಂತ. ಅಂಗಳದಲ್ಲಿ ಹುಡುಗಿಯರು ಅಳುತ್ತಿದ್ದರು, ಕೆಲವರು ಇನ್ನೂ ಕಂಪನಿಯ ಸಮವಸ್ತ್ರದಲ್ಲಿದ್ದರು. ನಾನು ರಸ್ತೆ ದಾಟಿ ಅವನ ಬಳಿ ಹೋದೆ.  ಹೊರಡುವಾಗ ಅವನು ಹೇಳಿದ:

“ನಾಳೆ ಆ ಹುಡುಗೀರ ರಜಾ ಅಲ್ವಾ ಮೇಷ್ಟ್ರೇ. ದಾರಿ ಗುಡಿಸಿಟ್ಟು ಬಂದಿದ್ದೀನಿ. ಬರೋಕೆ ಹೇಳಿ.”