ಮುದ್ರೆ ಮಾಮ ಕಂಡ ಜ್ಞಾನಿ

ತೂಕ-ಅಳತೆ ಇಲಾಖೆಯ ಇನ್‌ಸ್ಪೆಕ್ಟರಾಗಿ ಅಂಗಡಿಗಳ ತೂಕದ ಕಲ್ಲಿಗೆ ಮುದ್ರೆ ಒತ್ತುತ್ತಿದ್ದವನನ್ನು ಬೀದಿಯವರೆಲ್ಲ ಮುದ್ರೆ ಮಾಮ ಎನ್ನುತ್ತಾರೆ. ನಿವೃತ್ತಿಯಾದ ಮೇಲೆ ಕಲ್ಲುಗಳು ಕೈತಪ್ಪಿದವು. ಕೈ ಸುಮ್ಮನಿರಬೇಕಲ್ಲ, ಮನುಷ್ಯರಿಗೇ ಒತ್ತತೊಡಗಿದ. ಯಾರು ಜ್ಞಾನಿ, ಯಾರು ಡೋಂಗಿ ಎಂದು ತೀರ್ಪು ಕೊಡುವುದೇ ಈಗ ಅವನ ಉದ್ಯೋಗ. ಪರೀಕ್ಷೆ ಸರಳ: ಎದುರು ಕೂತು ಮನಸಾರೆ ಬೈಯುವುದು. ಮಾನ, ಅವಮಾನ ಎರಡೂ ಸಮ ಎಂದವರು ಮುಖ ಗಂಟಿಕ್ಕಿದರೆ ಫೇಲು. ಇದರಲ್ಲಿ ಅವನಿಗೆ ಸಿಕ್ಕಷ್ಟು ಆನಂದ ಯಾವ ಧ್ಯಾನದಲ್ಲೂ ಯಾರಿಗೂ ಸಿಕ್ಕಿರಲಾರದು.

ಪಾಸಾದವನು ಅವನ ಭಾವ ಒಬ್ಬನೇ. ಗಡಿಯಾರ ರಿಪೇರಿಯ ಈ ಭಾವ ಒಂದು ದಿನ ಅಂಗಡಿಯ ಬಾಗಿಲೆಳೆದು ಬಂದು, ಮನೆಯ ಆರಾಮಕುರ್ಚಿಯಲ್ಲಿ ಮೌನವಾಗಿ ಕೂತುಬಿಟ್ಟಿದ್ದ. ಮಾಮ ಗಂಟಲು ಒಣಗುವಷ್ಟು ಬೈದರೂ ರೆಪ್ಪೆ ಅಲುಗಲಿಲ್ಲ. "ಸ್ಥಿತಪ್ರಜ್ಞ!" ಎಂದು ಮುದ್ರೆ ಬಿತ್ತು. ಅಂದಿನಿಂದ ಕೆಲವರು ಕಾಲಿಗೆ ಬೀಳಲು ಬಂದರು. ಗಡಿಯಾರ ರಿಪೇರಿಗೆ ಕೊಟ್ಟವರು ಜಗಳಕ್ಕೆ ಬಂದರು. ಇಬ್ಬರಿಗೂ ಬಾಗಿಲು ತೆಗೆಯುವ ಕರ್ಮ ಅಕ್ಕನದು.

ಅಕ್ಕನಿಗೆ ಬೇಕಾದದ್ದು ಒಂದೇ, ಗಂಡ ಅಂಗಡಿಗೆ ಹೋಗಬೇಕು. ತಮ್ಮನನ್ನು ಕರೆಸಿ, ಗಂಡನ ಕುರ್ಚಿಯ ಮುಂದೆಯೇ ಕೂರಿಸಿದಳು.

"ನೀನ್ ಒತ್ತಿದ ಮುದ್ರೆ, ನೀನೇ ಅಳಿಸು."

"ಆಗಲ್ಲಕ್ಕ. ಜ್ಞಾನಿನ ಗುರುತಿಸೋಕೆ ಜ್ಞಾನಿಗೇ ಸಾಧ್ಯ. ಗುರುತಿಸಿದ್ಮೇಲೆ ಮುಗೀತು."

"ಅಂದ್ರೆ ನೀನೂ ಜ್ಞಾನಿ?"

ಮಾಮ ವಿನಯದಿಂದ ನೆಲ ನೋಡಿದ. "ನನ್ ಬಾಯಲ್ಲಿ ನಾನೇ ಹೇಗೆ ಹೇಳ್ಲಿ?"

"ಸರಿ, ಹಾಗಾದ್ರೆ ಕೇಳಿಸ್ಕೋ. ದೊಡ್ಡ ಇನ್‌ಸ್ಪೆಕ್ಟರಂತೆ! ಆಫೀಸಲ್ಲಿ ಒಬ್ರೂ ನಿನ್ ಜೊತೆ ಊಟಕ್ಕೆ ಕೂರ್ತಿರ್ಲಿಲ್ಲ. ರಿಟೈರಾದ ದಿನ ಹಾರ ಹಾಕಿದ್ದು ಗೌರವಕ್ಕಲ್ಲ ಕಣೋ, ಪೀಡೆ ತೊಲಗ್ತಲ್ಲ ಅಂತ."

"ಅಕ್ಕಾ, ನಾಲಿಗೆ ಬಿಗಿ ಹಿಡಿ!" ಮಾಮ ಧಡಕ್ಕನೆ ಎದ್ದ. ಕೈಯಲ್ಲಿದ್ದ ನೀರಿನ ಲೋಟ ಗೋಡೆಗೆ ಬಡಿಯಿತು.

"ಫೇಲು," ಎಂದಳು ಅಕ್ಕ. "ನೀನೇ ಜ್ಞಾನಿ ಅಲ್ಲ ಅಂದ್ಮೇಲೆ ನೀನು ಗುರುತಿಸಿದ್ದೂ ಸುಳ್ಳು. ಇವ್ರೂ ಜ್ಞಾನಿ ಅಲ್ಲ."

ಆರಾಮಕುರ್ಚಿ ಕಿರ್ರೆಂದಿತು. ಬೈಗುಳಕ್ಕೆ ಅಲುಗದ ಸ್ಥಿತಪ್ರಜ್ಞ, ಪದವಿ ಹೋದದ್ದಕ್ಕೆ ಎದ್ದು ನಿಂತಿದ್ದ.

"ಅದನ್ನ ಹೇಳೋಕೆ ನೀನ್ಯಾರೇ?"

"ಹೆಂಡ್ತಿ. ಬಾಯಿ ಬಂತಲ್ಲ, ಇನ್ನು ಗಿರಾಕಿಗಳಿಗೆ ನೀವೇ ಉತ್ತರ ಕೊಡಿ. ನಡೀರಿ ಅಂಗಡಿಗೆ."

ಭಾವ ಚಪ್ಪಲಿ ಮೆಟ್ಟಿದ. ಹೊಸ್ತಿಲಲ್ಲಿ ತಿರುಗಿ ಭಾವಮೈದುನನನ್ನು ನೋಡಿದ ಆ ನೋಟದಲ್ಲಿ ಸಮದೃಷ್ಟಿಯ ಸುಳಿವೂ ಇರಲಿಲ್ಲ.

"ಇನ್ನೊಂದು ಗಳಿಗೆ ತಡ್ಕೊಳ್ಳೋಕಾಗ್ಲಿಲ್ವೇನೋ, ಮುಠ್ಠಾಳ!"