ಟ್ರ್ಯಾಕ್ಟರ್ ಬ್ಯಾಟರಿ ಹೊತ್ತು ಪರೀಕ್ಷೆಗೆ ಬಂದವರು

ಕಾಕಾನ ಅಂಗಿಯ ಮುಂಭಾಗ ಜರಡಿಯ ಹಾಗಿತ್ತು. ಸಾಸಿವೆಯಷ್ಟು ಸಣ್ಣ ತೂತು, ಕೆಲವು ಕಡೆ ಜೋಳದ ಕಾಳಿನಷ್ಟು ದೊಡ್ಡದು. ಹೊಟ್ಟೆಯ ಮೇಲೆ ಒತ್ತಾಗಿ, ಎದೆಯ ಕಡೆಗೆ ವಿರಳವಾಗಿ. ಬ್ಯಾಟರಿಯ ಆಸಿಡ್ ಸಿಡಿದು ಬಿದ್ದ ತೂತುಗಳು ಅವು. ಹೊಸ ಅಂಗಿ ತೊಟ್ಟರೆ ಎಂಟು ದಿನದಲ್ಲಿ ಅದಕ್ಕೂ ಅದೇ ಗತಿ. ಹಾಗಾಗಿ ಅವರ ಹೆಂಡತಿ, ನಾವೆಲ್ಲ ಕಾಕು ಎನ್ನುವವರು, ಒಳ್ಳೆಯ ಅಂಗಿಗಳನ್ನು ಟ್ರಂಕಿನಲ್ಲಿಟ್ಟು ಬೀಗದ ಕೈಯನ್ನು ತಮ್ಮ ಸೊಂಟಕ್ಕೇ ಸಿಕ್ಕಿಸಿಕೊಂಡಿರುತ್ತಿದ್ದರು.

ಮರಾಠಿ ಸೀಮೆಯ ನಮ್ಮ ಉಮರ್ಗಾದಲ್ಲಿ ಹೆದ್ದಾರಿ ಬಿಟ್ಟು ನಮ್ಮ ಓಣಿಗೆ ತಿರುಗುವ ಮೂಲೆಯಲ್ಲಿ ಅವರ ತಗಡಿನ ಅಂಗಡಿ. ಲೋಹಾರಾ, ಸಾಸ್ತೂರ ಕಡೆಯ ಟ್ರ್ಯಾಕ್ಟರಿನವರು ಅಲ್ಲಿ ಬ್ಯಾಟರಿ ಇಳಿಸಿ ಹೋಗುವರು; ಕಾಕಾ ಅವಕ್ಕೆ ನೀರು ಹಾಕಿ, ಕರೆಂಟು ತುಂಬಿ ಇಡುವರು. ಊರಿಗೆಲ್ಲ ಅವರು ಬ್ಯಾಟರಿ ಕಾಕಾ. ಬೆಳಿಗ್ಗೆ ಬಂದವರೇ ತಿನ್ನುವ ಸೋಡಾ ಕಲಸಿದ ನೀರಿನಲ್ಲಿ ಮೊಣಕೈವರೆಗೆ ಕೈ ತೊಳೆದು, ಒರೆಸಿ, ಆಮೇಲೆ ವಿಭೂತಿ ಮುಟ್ಟುತ್ತಿದ್ದರು. ರೈತರ ಜೊತೆ ಮರಾಠಿ, ಲಾರಿಯವರ ಜೊತೆ ದಖನಿ ಉರ್ದು. ಬ್ಯಾಟರಿಗಳ ಜೊತೆ ಮಾತ್ರ ಕನ್ನಡ. "ಏನಪಾ, ಸಾಕಾತೇನು? ಇನ್ನಾ ಜರಾ ಕುಡಿ" ಎಂದು ಮುಚ್ಚಳ ತೆಗೆದು ಒಳಗೆ ಇಣುಕುವರು. ಅವರ ಒಂದು ಮಾತು ನನಗೆ ಬಾಯಿಪಾಠ: "ಎತ್ತು ಹಸಿದ್ರ ಒದರ್ತದ. ಬ್ಯಾಟರಿ ಹಸಿದ್ರ ಸುಮ್ಮನ ಸಾಯ್ತದ."

ನಾನು ಖಾಸಗಿ ಮರಾಠಿ ಶಾಲೆಯೊಂದರಲ್ಲಿ ಹನ್ನೆರಡು ವರ್ಷದಿಂದ ಕಲಿಸುತ್ತಿದ್ದೆ. ದಿನಕ್ಕೆ ಎರಡು ಸಲ ಆ ಅಂಗಡಿಯ ಮುಂದೆ ಹಾಯುವುದು, "ಕಾಕಾ, ಛಾ ಆತೇನ್ರಿ?" ಎನ್ನುವುದು, ಅಷ್ಟೇ ನಮ್ಮ ಪರಿಚಯವಾಗಿತ್ತು. ನನಗೆ ನಲವತ್ತನಾಲ್ಕು ತುಂಬಿದ ವರ್ಷ ಶಾಲೆಯವರು ಕರೆದು, ಎರಡು ವರ್ಷ ರಜೆ ಕೊಡುತ್ತೇವೆ, ಅಷ್ಟರಲ್ಲಿ ಬಿ.ಎಡ್. ಆಗದಿದ್ದರೆ ನಿಮ್ಮ ಜಾಗಕ್ಕೆ ಬೇರೆಯವರು ಬರುತ್ತಾರೆ ಎಂದರು. ನಿಲಂಗಾದ ಕಾಲೇಜಿಗೆ ಹೆಸರು ಹಚ್ಚಿದೆ. ಅಲ್ಲಿ ಎಲ್ಲರಿಗೂ ಲ್ಯಾಪ್‌ಟಾಪ್ ಬೇಕು. ಉದಗೀರದಲ್ಲಿ ಓದುತ್ತಿದ್ದ ನನ್ನ ಅಕ್ಕನ ಮಗ ತನ್ನ ಹಳೆಯದನ್ನು ಕೊಟ್ಟ. ಆಟ ಆಡಲೆಂದೇ ತಗೊಂಡದ್ದು ಅದು. ಬೀಸುಕಲ್ಲಿನ ಒಂದು ಬಿಲ್ಲೆಯಷ್ಟು ಭಾರ. ತೆರೆದರೆ ಕೀಲಿಗಳ ಕೆಳಗೆ ಕೆಂಪು, ನೀಲಿ, ಹಸಿರು ಬೆಳಕು ಓಡಾಡುತ್ತಿತ್ತು. ತರಗತಿಯಲ್ಲಿ ನನ್ನ ಅರ್ಧ ವಯಸ್ಸಿನ ಹುಡುಗಿಯರು ಬಾಯಿಗೆ ಓಢಣಿ ಒತ್ತಿ ನಕ್ಕರು. ನಗಲಿ ಬಿಡಿ; ನನ್ನ ಚಿಂತೆ ಬೇರೆಯಿತ್ತು. ಕಾಲೇಜು ಹನ್ನೊಂದರಿಂದ ಐದು. ಅದರ ಬ್ಯಾಟರಿ ಒಂದು ತಾಸು ಹತ್ತು ನಿಮಿಷ. ತರಗತಿಯಲ್ಲಿ ಇದ್ದದ್ದು ಒಂದೇ ಪ್ಲಗ್ಗು, ಅದೂ ಗೋಡೆಯಿಂದ ಕಿತ್ತು ವೈರಿನ ಮೇಲೆ ಜೋತುಬಿದ್ದಿತ್ತು.

ಬ್ಯಾಟರಿ ಎಂದರೆ ನಮ್ಮ ಓಣಿಯಲ್ಲಿ ಹೋಗುವುದು ಎಲ್ಲಿಗೆ? ಸಂಜೆ ಬಸ್ಸಿಳಿದು ನೇರ ಅವರ ಅಂಗಡಿಗೇ ಹೋಗಿ ತೆರೆದು ತೋರಿಸಿದೆ.

"ಇದೇನವ್ವಾ, ಬ್ಯಾಂಡಿನವರ ಗಾಡಿ ತಂದೀ?" ಎಂದರು ಕಾಕಾ.

"ಲ್ಯಾಪ್‌ಟಾಪ್ ರೀ ಕಾಕಾ. ಕಾಲೇಜಿಗಿ."

"ಕಾಲೇಜಿಗಿ ಹೋಗೂದಕ್ಕ ಇಷ್ಟು ಲೈಟ್ ಯಾಕ? ಮೊದಲ ಅದನ್ನ ಆರಿಸು. ಮದುವಿ ಮುಗೀತು ಅಂತ ಹೇಳು ಅದಕ್ಕ."

ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತು ಶೇಂಗಾ ಬಿಡಿಸುತ್ತಿದ್ದ ಕಾಕು ಕಿಸಕ್ಕನೆ ನಕ್ಕರು.

ಅಂದಿನಿಂದ ಅದು ನನ್ನದಕ್ಕಿಂತ ಹೆಚ್ಚು ಅವರ ಲ್ಯಾಪ್‌ಟಾಪ್ ಆಯಿತು. ನಾನು ಬಂದ ಕೂಡಲೇ "ಎಷ್ಟು ನಡೀತು?" ಎಂದು ಕೇಳಿ, ತಗಡಿನ ಗೋಡೆಯ ಮೇಲೆ ಸೀಮೆಸುಣ್ಣದಿಂದ ನಿಮಿಷ ಬರೆಯುವರು. ಬಣ್ಣದ ಬೆಳಕು ಆರಿಸಿದ್ದಕ್ಕೆ ಹನ್ನೆರಡು ನಿಮಿಷ ಸಿಕ್ಕಿತು. ಪರದೆಯ ಬೆಳಕು ತಗ್ಗಿಸಿದ್ದಕ್ಕೆ ಇನ್ನಷ್ಟು. ಒಂದು ದಿನ ಅದಕ್ಕೆ ಕಿವಿ ಹಚ್ಚಿ, "ಉಸುರು ಜಾಸ್ತಿ ಬಿಡ್ಲಾಕತ್ತದ, ಒಳಗ ಧೂಳ ಕುಂತದ" ಎಂದು, ಸೈಕಲ್ಲಿನ ಪಂಪಿನಿಂದ ಊದಿದರು. ಹದಿನೈದು ದಿನಕ್ಕೆ ಒಂದು ತಾಸು ನಲವತ್ತು ನಿಮಿಷಕ್ಕೆ ಬಂತು. ಎಮ್ಮೆ ಒಂದು ಸೇರು ಹಾಲು ಹೆಚ್ಚು ಕೊಟ್ಟ ಹಾಗೆ ಬಂದವರಿಗೆಲ್ಲ ಹೇಳಿಕೊಂಡರು. ನನಗೆ ದಿನಚರಿಯನ್ನೂ ಹಾಕಿಕೊಟ್ಟರು: "ಮೊದಲನೇ ಪಾಠ ಕಿವಿಲಿಂದ ಕೇಳು. ಎರಡನೇದು ಕೈಲಿಂದ ಬರಿ. ಮೂರನೇದಕ್ಕ ಇದನ್ನ ತೆಗಿ." ಹಾಗೇ ಮಾಡಿದೆ. ನಡೆಯಿತು.

ಮತ್ತೊಂದು ಕಟ್ಟಪ್ಪಣೆಯಿತ್ತು. ಕಾಲೇಜಿನಿಂದ ಬಂದ ಮೇಲೆ ಲ್ಯಾಪ್‌ಟಾಪ್ ಅವರ ಅಂಗಡಿಯಲ್ಲೇ ಇರಬೇಕು, ಚಾರ್ಜರ್ ಹಚ್ಚಿಯೇ ಇರಬೇಕು. ಭಾನುವಾರವೂ, ರಜೆಯಲ್ಲೂ. ಟ್ರ್ಯಾಕ್ಟರ್ ಬ್ಯಾಟರಿಯ ಕಾಯಿದೆ ಅದು. ಸುಮ್ಮನೆ ಇಟ್ಟ ಬ್ಯಾಟರಿ ಒಳಗೊಳಗೇ ಕೆಡುತ್ತದೆ, ಸದಾ ತುಂಬಿರಬೇಕು. ನಲವತ್ತು ವರ್ಷ ಅವರು ಹಾಗೆ ನೂರಾರು ಬ್ಯಾಟರಿ ಬದುಕಿಸಿದ್ದರು. ಟ್ರ್ಯಾಕ್ಟರ್ ಬ್ಯಾಟರಿಗಳ ಸಾಲಿನ ಕೊನೆಗೆ, ಒಂದು ಮಡಚಿದ ಚೀಲದ ಮೇಲೆ, ನನ್ನದೂ ಕೂತಿರುತ್ತಿತ್ತು. ಮೊದಲ ವರ್ಷದ ಇಡೀ ಬೇಸಿಗೆ ಆ ಕಾದ ತಗಡಿನ ಕೆಳಗೆ ಅದು ಹಾಗೇ ಕಳೆಯಿತು.

ಕಾಕಾನ ಹೃದಯದ ನಾಳಕ್ಕೆ ಅದಕ್ಕೂ ಹಿಂದಿನ ವರ್ಷ ಸೊಲ್ಲಾಪುರದಲ್ಲಿ ಸ್ಪ್ರಿಂಗ್ ಹಾಕಿದ್ದರು. ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರಿಂದಲೇ ಕಾಕುವಿನ ಸ್ಟೂಲು ಅಂಗಡಿಯ ಬಾಗಿಲಿಗೆ ಬಂದದ್ದು. ಬ್ಯಾಟರಿ ತಂದವರೇ ಇಳಿಸಬೇಕು, ಒಯ್ಯುವವರೇ ಎತ್ತಬೇಕು.

"ತುಂಬಿದ ಕೊಡಾ ಎತ್ತಬ್ಯಾಡ ಅಂದಾನ ಡಾಕ್ಟರ. ಬ್ಯಾಟರಿ ಮಾತು ತೆಗದೇ ಇಲ್ಲ" ಎಂದು ಕಾಕಾ ಚೇಷ್ಟೆ ಮಾಡುವರು.

"ಎತ್ತಿ ನೋಡ್ರಿ, ತೋರಸ್ತೀನಿ" ಎಂದು ಕಾಕು ಶೇಂಗಾದ ಸಿಪ್ಪೆ ಎಸೆಯುವರು.

ಎರಡನೇ ವರ್ಷ ಗೋಡೆಯ ಮೇಲಿನ ನಿಮಿಷ ಇಳಿಯತೊಡಗಿತು. ಒಂದು ತಾಸು. ಮುಕ್ಕಾಲು ತಾಸು. ಇಪ್ಪತ್ತೈದು ನಿಮಿಷ. ಕಾಕಾ ಬೆಳಿಗ್ಗೆ ಬಸ್ಸಿನ ಹೊತ್ತಾಗುವವರೆಗೂ ಚಾರ್ಜರ್ ಕೀಳಲು ಬಿಡುತ್ತಿರಲಿಲ್ಲ. ಊಟದ ಹೊತ್ತಿಗೂ ಎದ್ದು ಬಂದು ನೋಡುವರು. ವಾರ್ಷಿಕ ಪಾಠಕ್ಕೆ ಎಂಟು ದಿನ ಇದೆ ಎನ್ನುವಾಗ ಲ್ಯಾಪ್‌ಟಾಪ್ ಮೇಜಿನ ಮೇಲೆ ಇಟ್ಟರೆ ಓಲಾಡತೊಡಗಿತು. ಅಡಿಭಾಗ ಉಬ್ಬಿತ್ತು. ವಾರ್ಷಿಕ ಪಾಠವೆಂದರೆ ಹೊರಗಿನ ಪರೀಕ್ಷಕರ ಎದುರು ಮಕ್ಕಳಿಗೆ ಪಾಠ ಮಾಡಿ ತೋರಿಸುವುದು. ಅದರಲ್ಲೊಂದು ಕಂಪ್ಯೂಟರ್ ಮೇಲೆಯೇ ಆಗಬೇಕು. ಅದರಲ್ಲಿ ನಪಾಸಾದರೆ ಬಿ.ಎಡ್. ಇಲ್ಲ, ನನ್ನ ಶಾಲೆಯೂ ಇಲ್ಲ.

ಉದಗೀರದ ಅಂಗಡಿಗೆ ಒಯ್ದೆ. ರಿಪೇರಿಯವನು ಸ್ಕ್ರೂ ಬಿಚ್ಚಿದ. ಒಳಗಿನ ಕರಿಯ ಚೀಲ ಹೆಂಚಿನ ಮೇಲಿನ ಚಪಾತಿಯಂತೆ ಉಬ್ಬಿತ್ತು.

"ಇದನ್ನ ಹಗಲೂ ರಾತ್ರಿ ಚಾರ್ಜಿಗಿ ಇಡ್ರಿ ಅಂತ ಯಾರು ಹೇಳಿದ್ರು ನಿಮಗ?" ಎಂದ.

"ಯಾಕ್ರಿ?"

"ಇದು ಗಾಡಿ ಬ್ಯಾಟರಿ ಅಲ್ಲ ಬಾಯಾರ. ಸದಾ ಹೊಟ್ಟಿ ತುಂಬಿ, ಮ್ಯಾಲ ಬಿಸಿ ಆತು ಅಂದ್ರ ಇದು ಉಬ್ಬತದ. ಇನ್ನೊಂದ್ ನಾಕ್ ದಿನ ಬಿಟ್ಟಿದ್ರ ಬೆಂಕಿ ಹತ್ತತಿತ್ತು."

ಅವನು ಅದನ್ನು ಕಿತ್ತು ಮರಳಿನ ಡಬ್ಬಿಗೆ ಹಾಕಿದ. ಹೊಸದು ಪುಣೆಯಿಂದ ಬರಬೇಕು, ಹದಿನೈದು ದಿನ. ಅಲ್ಲಿಯವರೆಗೆ ವೈರು ಹಚ್ಚಿದರೆ ನಡೆಯುತ್ತದೆ, ತೆಗೆದರೆ ಅದೇ ಕ್ಷಣ ಆರುತ್ತದೆ.

ಬಸ್ಸಿನಲ್ಲಿ ಇಡೀ ದಾರಿ ಒಂದು ಸುಳ್ಳು ಕಟ್ಟಿಕೊಂಡು ಬಂದೆ. "ಬ್ಯಾಟರಿಗಿ ವಯಸ್ಸಾಗಿತ್ತಂತ್ರಿ ಕಾಕಾ" ಎಂದೆ. ಅವರು ನನ್ನ ಮುಖ ನೋಡಿದರು. "ಖರೇ ಹೇಳು, ಅವ್ವಾ. ಏನಂದ ಅಂವಾ?" ಹೇಳಬೇಕಾಯಿತು. ಅವರು ಸೀಮೆಸುಣ್ಣದ ಅಂಕಿಗಳನ್ನು ಅಂಗೈಯಿಂದ ಒರೆಸಿದರು. "ನಲವತ್ತು ವರ್ಷದ ವಿದ್ಯಾ" ಎಂದರು. "ಪಾಟಿಯಷ್ಟು ತೆಳ್ಳನ ಚೀಲದ ಮುಂದ ಸುಳ್ಳಾತು. ನಿನ್ನ ಪರೀಕ್ಷಾ ನಾನೇ ಕೆಡಸಿದೆ." ಇಲ್ಲ ಕಾಕಾ, ಹಾಗೇನಿಲ್ಲ ಎಂದೆ. ಕಾಕು ಶೇಂಗಾದ ಮೊರ ಕೆಳಗಿಟ್ಟರು.

ಪಾಠಕ್ಕೆ ಎರಡು ದಿನ ಮುಂಚೆ ಇನ್ನೊಂದು ಸುದ್ದಿ ಬಂತು. ನಿಲಂಗಾದ ಹೊರವಲಯದಲ್ಲಿ ನನಗೆ ಗೊತ್ತುಮಾಡಿದ್ದ ಶಾಲೆಯ ಡಿಪಿ ಸುಟ್ಟುಹೋಗಿತ್ತು. ಕಂಬದ ಮೇಲಿನ ಆ ಟ್ರಾನ್ಸ್‌ಫಾರ್ಮರ್ ಡಬ್ಬಿ ಸುಟ್ಟುಹೋದರೆ ವಾರಗಟ್ಟಲೆ ಕರೆಂಟಿಲ್ಲ. ಉಳಿದವರ ಲ್ಯಾಪ್‌ಟಾಪುಗಳು ತಮ್ಮ ತಮ್ಮ ಬ್ಯಾಟರಿಯ ಮೇಲೆ ನಡೆಯುತ್ತವೆ. ಎಲ್ಲರದ್ದೂ ಅದೇ ದಿನ ಪಾಠ, ಯಾರನ್ನು ಕೇಳುವುದು?

ಕಾಕಾನಿಗೆ ಹೇಳಿದ್ದೇ ತಡ, ಅವರ ಮುಖದಲ್ಲಿ ಜೀವ ಬಂತು. "ಟ್ರ್ಯಾಕ್ಟರ್ ಬ್ಯಾಟರಿ ಒಯ್ಯೋಣು. ಸಣ್ಣ ಇನ್ವರ್ಟರ್ ಡಬ್ಬಿ ಅದ ನನ್ನ ಹಂತೇಲಿ. ಎರಡು ತಾಸು ಅಲ್ಲಾಡೂದಿಲ್ಲ. ಇದರ ವಿದ್ಯಾ ಸುಳ್ಳಾಗಂಗಿಲ್ಲ ನೋಡು."

ಪಾಠದ ದಿನ ಬೆಳಿಗ್ಗೆ ಕಾಕು ಟ್ರಂಕು ತೆಗೆದು ತೂತಿಲ್ಲದ ಅಂಗಿ ಕೊಟ್ಟರು. ಬಿಳಿಯದು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಅವರ ಕೈಯಾಗ ಏನೂ ಕೊಡಬ್ಯಾಡವ್ವಾ. ನಿನ್ನ ಮ್ಯಾಲ ಬಿಟ್ಟೀನಿ" ಎಂದರು. "ಆಯ್ತು ರೀ ಕಾಕು" ಎಂದೆ.

ಟಮ್‌ಟಮ್ ಗಾಡಿಯವನು ಅವರ ಗಿರಾಕಿಯೇ. ಅವನೇ ಬ್ಯಾಟರಿ ಏರಿಸಿದ, ಶಾಲೆಯ ಗೇಟಿನಲ್ಲಿ ಇಳಿಸಿದ, ಬೇರೆ ಸವಾರಿಯಿದೆ ಎಂದು ಹೊರಟುಹೋದ. ಅಲ್ಲಿಂದ ಮೈದಾನದುದ್ದಕ್ಕೂ, ಬ್ಯಾಟರಿಗೆ ಕಟ್ಟಿದ ಹಗ್ಗದ ಒಂದು ತುದಿ ನಾನು, ಒಂದು ತುದಿ ಕಾಕಾ, ನಿಂತು ನಿಂತು ತಂದೆವು. ಪಡಸಾಲೆಗೆ ಐದು ಪಾವಟಿಗೆ, ಕಲ್ಲಿನ ಮೆಟ್ಟಿಲು. ಅದರ ಬುಡಕ್ಕೆ ಬರುವಷ್ಟರಲ್ಲಿ ಒಳಗಿನಿಂದ ನನ್ನ ನಂಬರು ಕೂಗಿದರು.

"ನೀ ನಡಿ. ನಾ ಯಾರಿಗಾರ ಕರೀತೀನಿ" ಎಂದರು ಕಾಕಾ.

ಓಡಿದೆ. ಮಕ್ಕಳು ಎದ್ದು ನಿಂತು ನಮಸ್ಕಾರ ಹೇಳಿದರು. ಲ್ಯಾಪ್‌ಟಾಪ್ ತೆರೆದಿಟ್ಟು, ಪಾಠದ ವಹಿಯನ್ನು ಪರೀಕ್ಷಕರ ಕೈಗೆ ಕೊಟ್ಟೆ. ಅವರು ಹಾಳೆ ತಿರುವತೊಡಗಿದರು. ಕಿಟಕಿಯಿಂದ ಹೊರಗೆ ನೋಡಿದೆ. ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಕಾಕಾ ಬ್ಯಾಟರಿಯನ್ನು ಹೊಟ್ಟೆಗೆ ಅವಚಿಕೊಂಡು ಪಾವಟಿಗೆ ಏರುತ್ತಿದ್ದರು. ಮೂರನೆಯದರ ಮೇಲೆ ನಿಂತರು. ಬಾಯಿ ತೆರೆದಿತ್ತು. ಹತ್ತು ಹೆಜ್ಜೆ ಹಾಕಿದ್ದರೆ ನಾನು ಅವರನ್ನು ಮುಟ್ಟುತ್ತಿದ್ದೆ. ಪರೀಕ್ಷಕರು ಇನ್ನೂ ಹಾಳೆ ತಿರುವುತ್ತಲೇ ಇದ್ದರು. ಒಂದು ನಿಮಿಷ ಕೇಳಿದ್ದರೆ ಕೊಡುತ್ತಿದ್ದರೋ ಏನೋ. ನಾನು ಕೇಳಲಿಲ್ಲ. ಮಕ್ಕಳ ಕಡೆ ತಿರುಗಿ ಹಾಜರಿ ಕರೆಯತೊಡಗಿದೆ.

ಅವರು ಬಾಗಿಲೊಳಗೆ ಬ್ಯಾಟರಿ ಇಳಿಸಿ, ಹೆಗಲ ಚೀಲದಿಂದ ಇನ್ವರ್ಟರ್ ಡಬ್ಬಿ ತೆಗೆದು ವೈರು ಹಚ್ಚಿದರು. ಬೆಳ್ಳಗಿನ ಅಂಗಿ ಬೆನ್ನಿಗೆ ಅಂಟಿತ್ತು.

"ಹೇ ಕಾಯ್?" ಎಂದರು ಪರೀಕ್ಷಕರು, ಇದೇನು ಎಂದು.

"ಲೈಟ್ ಆಹೆ ಸಾಹೇಬ. ತುಮೀ ಪಾಠ ಬಘಾ" ಎಂದರು ಕಾಕಾ. ಕರೆಂಟು ಸಾಹೇಬ, ನೀವು ಪಾಠ ನೋಡಿ.

ಎಂಟನೇ ತರಗತಿ, ಪಚನ ಕ್ರಿಯೆ. ತುತ್ತು ಬಾಯಿಂದ ಅನ್ನನಾಳಕ್ಕೆ, ಅಲ್ಲಿಂದ ಜಠರಕ್ಕೆ, ಸಣ್ಣ ಕರುಳಿಗೆ ಇಳಿಯುವುದನ್ನು ಚಿತ್ರದಲ್ಲಿ ನಡೆಸಿ ತೋರಿಸಿದೆ. ಆಟದ ಲ್ಯಾಪ್‌ಟಾಪಿನ ಅಗಲ ಪರದೆ ಅಂದು ಉಪಯೋಗಕ್ಕೆ ಬಂತು. ಮಕ್ಕಳು ಸುತ್ತ ಒತ್ತಿಕೊಂಡು ಕೂತರು. ಮೂವತ್ತೈದು ನಿಮಿಷ. ಅಷ್ಟು ಹೊತ್ತೂ ಕಾಕಾ ಬಾಗಿಲಲ್ಲಿ ನೆಲದ ಮೇಲೆ ಕೂತು, ವೈರು ಸಡಿಲಾಗದಂತೆ ಎರಡು ಬೆರಳಿನಿಂದ ಹಿಡಿದಿದ್ದರು. ಪರದೆ ಒಂದು ಸಲವೂ ಮಿಟುಕಲಿಲ್ಲ.

ಮರಳುವಾಗ ಬ್ಯಾಟರಿ ಎತ್ತಲು ಇಬ್ಬರು ಮಾಸ್ತರರು ಬಂದರು. ದಾರಿಯಲ್ಲಿ "ಎದಿ ನೋಯ್ತದೇನ್ರಿ ಕಾಕಾ?" ಎಂದು ಕೇಳಿದೆ. "ಹೂಂ ಹೂಂ" ಎಂದು ತಲೆಯಾಡಿಸಿ, ಹೌದೋ ಅಲ್ಲವೋ ತಿಳಿಯದ ಹಾಗೆ, ಹೊರಗೆ ನೋಡತೊಡಗಿದರು.

ಇಪ್ಪತ್ತೆರಡು ದಿನಕ್ಕೆ ಅವರು ಲಿಂಗೈಕ್ಯರಾದರು. ಬೆಳಿಗ್ಗೆ ಸೋಡಾ ನೀರಿನಲ್ಲಿ ಕೈ ತೊಳೆಯುತ್ತಿದ್ದವರು ಹಾಗೇ ಗೋಡೆಗೆ ಒರಗಿದರಂತೆ. ಆ ಪಾವಟಿಗೆಗಳಿಂದ ಆಯಿತೇ, ಆಗುವುದಿದ್ದದ್ದು ಆಯಿತೇ, ನಾನು ಯಾವ ಡಾಕ್ಟರನ್ನೂ ಕೇಳಿಲ್ಲ. ಕೇಳುವ ಧೈರ್ಯ ಇಲ್ಲ.

ಶಿವಗಣಾರಾಧನೆ ಮುಗಿದ ಮರುದಿನ ಫಲಿತಾಂಶ ಬಂತು. ಪಾಸಾಗಿದ್ದೆ. ಪೇಢೆ ಒಯ್ಯುವುದು ಹೇಗೆ? ಬರಿಗೈಯಲ್ಲಿ ಕಾಕುವಿನ ಬಳಿ ಹೋದೆ. ಅವರು ಒಲೆಯ ಮುಂದೆ ಕೂತಿದ್ದರು.

"ಅವ್ವಾ, ಆವತ್ತ ಬ್ಯಾಟರಿ ಯಾರು ಎತ್ತಿದ್ರು?"

"ಕಾಕಾನೇ ಎತ್ತಿದ್ರು ರೀ. ಐದು ಪಾವಟಿಗಿ. ನಾ ನೋಡಿದೆ, ಹೋಗಲಿಲ್ಲ."

ಕಾಕು ಒಲೆಯ ಬೂದಿ ಕೆದಕಿದರು.

"ಗೊತ್ತಿತ್ತು ನಂಗ. ನಿನ್ನ ಬಾಯಿಂದ ಕೇಳ್ಬೇಕಿತ್ತು. ಸಿಟ್ಟು ಅದ ನಿನ್ನ ಮ್ಯಾಲ. ಇಲ್ಲಂತ ಸುಳ್ಳು ಹೇಳಂಗಿಲ್ಲ." ಸೆರಗಿನಿಂದ ಮೂಗೊರೆಸಿಕೊಂಡರು. "ಆದ್ರ ಕೇಳು. ಸ್ಪ್ರಿಂಗ್ ಹಾಕಿದಮ್ಯಾಲ ಒಂದು ರೊಟ್ಟಿ ಮುಗಸ್ತಿದ್ದಿಲ್ಲ ಅವರು. ಆವತ್ತ ಬಂದು ಎರಡು ಉಂಡ್ರು. ಒಂದು ತುತ್ತು ನುಂಗೂದು, ಎದಿ ಮ್ಯಾಲ ಬೆರಳಿಟ್ಟು, 'ಈಗ ಇಲ್ಲಿ ಬಂತು ನೋಡು' ಅನ್ನೂದು. ಮತ್ತ ಹೊಟ್ಟಿ ಮ್ಯಾಲ ಇಟ್ಟು, 'ಈಗ ಇಲ್ಲಿ' ಅನ್ನೂದು. 'ಇಪ್ಪತ್ತು ಫೂಟ್ ಕರುಳು ಇರ್ತದಂತ ಒಳಗ, ನಿಂಗ ಗೊತ್ತಿತ್ತೇನು?' ಅಂದ್ರು. 'ನಾಕನೇತ್ತಿಗಿ ಸಾಲಿ ಬಿಟ್ಟಾಂವ, ಇವತ್ತ ಎಂಟನೇತ್ತ್ಯಾಗ ಕುಂತು ಬಂದೆ' ಅಂತ ನಕ್ಕೋತ ನಕ್ಕೋತ ಉಂಡ್ರು."

ಕ್ಷಮಿಸಿದೆ ಎಂದು ಕಾಕು ಹೇಳಲಿಲ್ಲ. ನಾನೂ ಕೇಳಲಿಲ್ಲ. ಅವರು ಹಿಟ್ಟು ನಾದಿ ರೊಟ್ಟಿ ಬಡಿದರು, ಪುಂಡಿಪಲ್ಯ ಹಾಕಿ ತಟ್ಟೆಯನ್ನು ನನ್ನ ಮುಂದೆ ಸರಿಸಿದರು. "ಉಣ್ಣು" ಎಂದರು. ಉಂಡೆ. ಒಂದೊಂದು ತುತ್ತೂ ಎಲ್ಲಿಗೆ ಬಂತೆಂದು ನನಗೆ ತಿಳಿಯುತ್ತಿತ್ತು.